ಕೆರೆಯಂಗಳದ ಗೋಲು ಸಾಲು

ನಾನು ನಿಂತಿದ್ದದ್ದು ಮೂಡಲ ಕಡೆಯ ಗೋಲಿನ ಬಲಗಂಬದಿಂದ ಎರಡು ಮಾರು ಈಚೆಗೆ. ಹೊತ್ತು ಸಂಜೆ ಐದು ದಾಟಿತ್ತು. ಸೂರ್ಯ ನನ್ನ ಬೆನ್ನ ಹಿಂದಿದ್ದುದರಿಂದ ಕಣ್ಣಿಗೆ ಬಿಸಿಲು ಹೊಡೆಯುತ್ತಿರಲಿಲ್ಲ. ನನಗೂ ಚೆಂಡಿಗೂ ನಡುವೆ ಯಾರೂ ಇರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಗೋಲಿನ ವಿಷಯವಾಗಿ ಕೋಲಾರದಲ್ಲಿ ಆಮೇಲೆ ಎಷ್ಟೋ ಜನ ಎಷ್ಟೋ ರೀತಿ ಮಾತಾಡಿದರು. ಹಾಗೆ ಮಾತಾಡಿದವರಲ್ಲಿ ಹೆಚ್ಚಿನವರು ನಿಂತಿದ್ದದ್ದು ಕೆರೆ ಏರಿಯ ಮೇಲೆ.

ಅದು ಎರಡನೇ ಮಹಾಯುದ್ಧದ ಕಾಲ. ಸೀಮೆಎಣ್ಣೆಗೂ ಅಕ್ಕಿಗೂ ಸಾಲು ನಿಲ್ಲಬೇಕಿತ್ತು. ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನಿಂದ ಓಡುತ್ತಿದ್ದವು. ದಿಬ್ಬ ಸಿಕ್ಕಿದ ಕಡೆ ನಾವೆಲ್ಲ ಇಳಿದು ತಳ್ಳುತ್ತಿದ್ದೆವು. ಶ್ರೀನಿವಾಸಪುರದಿಂದ ಅಂಥ ಬಸ್ಸಿನಲ್ಲಿ ಬಂದು ನಾನು ಕೋಲಾರದ ಕಾಲೇಜಿಗೆ ಸೇರಿದಾಗ ನನಗೆ ಹದಿನೈದು ತುಂಬಿತ್ತು, ಮೀಸೆ ಬಂದಿರಲಿಲ್ಲ. ಕಾಲೇಜು ಅಂದರೆ ಇಂಟರ್‌ಮೀಡಿಯೆಟ್, ಎರಡೇ ವರ್ಷ. ಹಾಸ್ಟೆಲಿನಲ್ಲಿ ಇದ್ದದ್ದು ಸುತ್ತಲ ತಾಲ್ಲೂಕಿನ ರೈತರ ಮಕ್ಕಳು. ಓಡುವುದು ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಫುಟ್‌ಬಾಲ್ ಟೀಮಿನ ಬಲಗಡೆ ಅಂಚಿಗೆ ನಿಲ್ಲಿಸಿದರು.

ನಮ್ಮ ಟೀಮಿನ ಹೆಸರು ಕೇಳಿದರೆ ಊರು ನಗುತ್ತಿತ್ತು. ವರ್ಷಕ್ಕೊಮ್ಮೆ ಚಿನ್ನದ ಗಣಿಯ ಹುಡುಗರು ಬಂದು ನಮ್ಮನ್ನು ಸೋಲಿಸಿ ಹೋಗುತ್ತಿದ್ದರು. ಅವರ ಕಾಲಲ್ಲಿ ಬೂಟು, ನಮ್ಮದು ಬರಿಗಾಲು. ನಮಗೆ ಆಟದ ಬಯಲು ಅಂತ ಇದ್ದದ್ದು ಒಣಗಿದ ಕೆರೆಯ ಅಂಗಳ. ಮಳೆ ಚೆನ್ನಾಗಿ ಬಂದು ಕೆರೆ ತುಂಬಿದ ವರ್ಷ ಊರಿಗೆಲ್ಲ ಸಂತೋಷ, ನಮಗೆ ಮಾತ್ರ ಆಟವಿಲ್ಲ. ಆ ವರ್ಷ ಕೆರೆಯಲ್ಲಿ ತೂಬಿನ ಹತ್ತಿರ ಎಮ್ಮೆ ಮುಳುಗುವಷ್ಟು ನೀರಿತ್ತು, ಉಳಿದದ್ದೆಲ್ಲ ಗಟ್ಟಿ ಗೋಡುಮಣ್ಣು.

ದಸರಾ ರಜ ಮುಗಿಸಿಕೊಂಡು ಬಂದಾಗ ಹೊಸ ಡ್ರಿಲ್ ಮೇಷ್ಟ್ರು ಬಂದಿದ್ದರು. ದಾಸಪ್ಪ ಅಂತ ಹೆಸರು, ಮೈಸೂರು ಕಡೆಯವರು. ಕುಳ್ಳಗೆ, ಕಪ್ಪಗೆ, ನಡುನೆತ್ತಿ ಬೋಳು. ಖಾಕಿ ಚಡ್ಡಿ ಮೊಣಕಾಲಿನ ಕೆಳಗೂ ಬರುತ್ತಿತ್ತು. ಅವರನ್ನು ಕಂಡ ಮೊದಲ ದಿನವೇ ನಮ್ಮ ಸೆಂಟರ್ ಫಾರ್ವರ್ಡ್ ಕೃಷ್ಣಪ್ಪ, ಗೌನಿಪಲ್ಲಿಯವನು, ಅವರ ಎದುರಿಗೇ ತೆಲುಗಿನಲ್ಲಿ ಅಂದ: "ಈಯನ ಮನಕೇಂ ನೇರ್ಪಿಸ್ತಾಡ್ರಾ?" ಇವರು ನಮಗೇನು ಕಲಿಸ್ತಾರೋ, ಅಂತ. ಮೈಸೂರಿನವರಿಗೆ ತೆಲುಗು ಬಾರದು ಅನ್ನುವ ಧೈರ್ಯ. ಮೇಷ್ಟ್ರು ಸುಮ್ಮನೆ ನಕ್ಕರು.

ಚೆಂಡನ್ನು ಅವರು ಬೀರುವಿನಿಂದ ಹೊರಗೇ ತೆಗೆಯಲಿಲ್ಲ. ಎರಡು ವಾರ ಬರೀ ಏರಿಯ ಮೇಲೆ ಓಟ. ಏದುಸಿರು ಬಿಡುತ್ತ ಕೃಷ್ಣಪ್ಪ ಒಂದು ದಿನ ಕೂತುಬಿಟ್ಟ. ಮೇಷ್ಟ್ರು ಹತ್ತಿರ ಹೋಗಿ ಕೈ ಚಾಚಿ, "ನೇರ್ಪಿಸ್ತಾನು, ರಾ," ಅಂದರು. ಕಲಿಸ್ತೀನಿ, ಬಾ. ಹಾಸ್ಟೆಲಿನ ಅಡುಗೆ ಭಟ್ಟರ ಹತ್ತಿರ ಅಷ್ಟು ತೆಲುಗು ಕಲಿತುಕೊಂಡು ಬಂದಿದ್ದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೃಷ್ಣಪ್ಪ ಕಿವಿಯೆಲ್ಲ ಕೆಂಪಾಗಿ ಎದ್ದು ಓಡಿದ. ಅವತ್ತಿನಿಂದ ಅವನು ಮೇಷ್ಟ್ರ ನೆರಳಾದ.

ಸಂಜೆ ಆಟ ಮುಗಿದ ಮೇಲೆ ಚೆಂಡಿನ ಚರ್ಮಕ್ಕೆ ಹರಳೆಣ್ಣೆ ಸವರುವುದು ಸರದಿಯ ಕೆಲಸ. ಅವರೆಕಾಯಿಯ ಕಾಲ ಬಂದಾಗ ಅಡುಗೆಮನೆಯಲ್ಲಿ ಕೂತು ಹಿದುಕಬೇಳೆ ಹಿದುಕುವುದೂ ಸರದಿಯ ಕೆಲಸವೇ. ಆ ಚಳಿಗಾಲವೆಲ್ಲ ನಮ್ಮ ಬೆರಳುಗಳಿಗೆ ಅವರೆ ಸೊಗಡೂ ಹರಳೆಣ್ಣೆಯ ಜಿಡ್ಡು ವಾಸನೆಯೂ ಅಂಟಿಕೊಂಡಿದ್ದವು. ಮೇಷ್ಟ್ರು ನಮ್ಮ ಪಂಕ್ತಿಯಲ್ಲೇ ಕೂರುತ್ತಿದ್ದರು. ಪೇಟೆಯಲ್ಲಿ ಅನ್ನ ಉಂಡು ಬೆಳೆದ ಅವರು ಮುದ್ದೆಯನ್ನು ಅಗಿದು ನುಂಗುವುದನ್ನು ನೋಡಿ ನಮ್ಮ ಹುಡುಗರಿಗೆ ತಡೆಯಲಾಗದಷ್ಟು ನಗು. "ಅಗೀಬಾರ್ದು ಸಾರ್, ಹಂಗೇ ಇಳಿಸ್ಬೇಕು," ಅಂತ ಮುನಿಯಪ್ಪ ಹೇಳಿಕೊಟ್ಟ.

ಈ ಮುನಿಯಪ್ಪ ಲಕ್ಕೂರಿನವನು, ನಮ್ಮ ಬ್ಯಾಕ್. ಮಾತು ಕಡಿಮೆ. ಗೆರೆಯ ಉಪಾಯ ಹೇಳಿದವನು ಅವನೇ. ಅಲ್ಲಿಯವರೆಗೆ ಹಾಸ್ಟೆಲಿನ ಒಲೆಯ ಬೂದಿಯಲ್ಲಿ ಬಯಲಿಗೆ ಗೆರೆ ಎಳೆಯುತ್ತಿದ್ದೆವು. ಅರ್ಧ ಆಟಕ್ಕೇ ಗಾಳಿ ಅದನ್ನು ಒರೆಸಿಬಿಡುತ್ತಿತ್ತು, ಆಮೇಲೆ ಗೋಲು ಹೌದೋ ಅಲ್ಲವೋ ಅಂತ ಜುಟ್ಟು ಜುಟ್ಟು ಹಿಡಿದುಕೊಳ್ಳುವುದು. ಮೇಷ್ಟ್ರು ಸುಣ್ಣ ಬೇಕು ಅಂದರು. ಯುದ್ಧದ ಕಾಲದಲ್ಲಿ ಕೆರೆಗೆ ಸುರಿಯಲು ಸುಣ್ಣ ಕೊಡುವವರು ಯಾರು?

"ಗೆರೆ ತಾನೆ ಸಾರ್ ಬೇಕಾಗಿರೋದು? ನೇಗಿಲಲ್ಲಿ ಒಂದು ಸಾಲು ಹೊಡೆದ್ರೆ ಯಾವ ಗಾಳಿಗೂ ಹೋಗಲ್ಲ," ಅಂದ ಮುನಿಯಪ್ಪ.

"ಲೇ, ಫುಟ್‌ಬಾಲ್ ಬಯಲಿಗೆ ಉಳುಮೆನಾ? ರಾಗಿನೂ ಬಿತ್ತಿಬಿಡು," ಅಂದ ಕೃಷ್ಣಪ್ಪ.

ಮೇಷ್ಟ್ರು ನಗಲಿಲ್ಲ. "ಹೊಡಿಯಯ್ಯ, ನೋಡೋಣ," ಅಂದರು.

ಕೆರೆ ಪಕ್ಕದ ರೈತರ ಎತ್ತು ಕೇಳಿ ತಂದು ಮುನಿಯಪ್ಪ ನಾಲ್ಕು ಬದಿಗೂ ಸಾಲು ಹೊಡೆದ. ಮೇಷ್ಟ್ರು ಒಂದು ಮೂಲೆಯಲ್ಲಿ ನೆಲಕ್ಕೆ ಕೆನ್ನೆ ತಾಗಿಸಿ, ಒಂದು ಕಣ್ಣು ಮುಚ್ಚಿ ಸಾಲಿನುದ್ದಕ್ಕೂ ನೋಡಿದರು. "ದಾರ ಹಿಡಿದ ಹಾಗಿದೆ ಕಣಯ್ಯ," ಅಂದರು. ಮುನಿಯಪ್ಪ ಎತ್ತಿನ ಕೊರಳ ಕೆಳಗಿನ ಗಂಗೆದೊಗಲು ಸವರುತ್ತ ಆ ಕಡೆ ತಿರುಗಿಕೊಂಡ. ಆಮೇಲೆ ಮೇಷ್ಟ್ರು ಎಲ್ಲರನ್ನೂ ಗೋಲಿನ ಹತ್ತಿರ ಕರೆದು ಹೇಳಿದರು: "ನೋಡ್ರಪ್ಪ, ಇದೇ ನಮ್ಮ ಗೆರೆ. ಚೆಂಡು ಪೂರ್ತಿ ಈ ಸಾಲು ದಾಟಿದ್ರೆ ಗೋಲು. ಸಾಲಲ್ಲಿ ಕೂತ್ರೆ ಇಲ್ಲ." ಸರಿ ಸಾರ್ ಅಂದೆವು. ಅದರಲ್ಲಿ ಯೋಚಿಸಬೇಕಾದದ್ದು ಏನಾದರೂ ಇದೆ ಅಂತ ನಮಗೆ ಯಾರಿಗೂ ಅನ್ನಿಸಲಿಲ್ಲ.

ಸಂಕ್ರಾಂತಿ ಕಳೆಯುವ ಹೊತ್ತಿಗೆ ನಾವು ಬೇರೆಯೇ ಟೀಮಾಗಿದ್ದೆವು. ಚೆಂಡನ್ನು ನೋಡದೆಯೇ ಯಾರು ಎಲ್ಲಿದ್ದಾರೆ ಅಂತ ತಿಳಿಯುತ್ತಿತ್ತು. ಸಂತೆಗೆ ಬಂದವರು ಗಾಡಿ ನಿಲ್ಲಿಸಿ ಏರಿಯ ಮೇಲಿಂದ ನಮ್ಮ ಆಟ ನೋಡುತ್ತಿದ್ದರು. ಪ್ರಿನ್ಸಿಪಾಲರು ಒಂದು ದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಎದುರಿಗೆ ಹೇಳಿದರು: ಗಣಿಯವರನ್ನು ಗೆದ್ದರೆ ಟೀಮನ್ನು ಬೆಂಗಳೂರಿಗೆ ಕಳಿಸುತ್ತೇವೆ, ದಾಸಪ್ಪನವರ ಕೆಲಸವನ್ನೂ ಖಾಯಂ ಮಾಡಿಸುತ್ತೇವೆ. ಗೆಲ್ಲದಿದ್ದರೆ ಅಂತ ಅವರು ಹೇಳಲಿಲ್ಲ. ಮೇಷ್ಟ್ರ ಕೆಲಸ ಆ ಬೇಸಿಗೆಯವರೆಗೆ ಮಾತ್ರ ಅನ್ನುವುದು ನಮಗೆಲ್ಲ ಗೊತ್ತಿತ್ತು.

ಆ ಭಾನುವಾರ ಮೇಷ್ಟ್ರು ನಮ್ಮಲ್ಲಿ ಕೆಲವರನ್ನು ಕರೆದುಕೊಂಡು ಹೋಗಿ ಒಂದು ಮನೆ ತೋರಿಸಿದರು. ಎರಡು ಕೋಣೆ, ಮುಂದೆ ಜಗುಲಿ, ಹಿಂದೆ ಬಾವಿ. ಮೈಸೂರಿನಲ್ಲಿದ್ದ ಹೆಂಡತಿ ಮಗಳನ್ನು ಕರೆಸಿಕೊಳ್ಳುವ ಯೋಚನೆ. ಬಾಗಿಲ ಮುಂದಿನ ನೆಲವನ್ನು ಕಾಲಲ್ಲಿ ಸವರಿ, "ಇಲ್ಲಿ ನಮ್ಮ ಹುಡುಗಿ ರಂಗೋಲಿ ಹಾಕ್ತಾಳೆ. ಮುನಿಯಪ್ಪ, ನಿನಗಿಂತ ನೆಟ್ಟಗೆ ಎಳೀತಾಳೋ ಏನೋ," ಅಂದರು. ಬಾವಿಯ ನೀರು ಸೇದಿ ಕುಡಿದು, ಸಿಹಿ ಇದೆ ಅಂತ ನಮಗೂ ಕೊಟ್ಟರು.

ಗಣಿಯವರು ಬಂದ ದಿನದ ಬೆಳಿಗ್ಗೆ ಮುನಿಯಪ್ಪ ಮತ್ತೆ ಎತ್ತು ತಂದ. ಕಾಲ್ತುಳಿತಕ್ಕೆ ಸಾಲು ಸವೆದಿತ್ತು. ದೊಡ್ಡ ಮನುಷ್ಯರೆಲ್ಲ ನೋಡಲು ಬರುತ್ತಾರೆ, ಗೆರೆ ಎದ್ದು ಕಾಣಲಿ ಅಂತ ಗೋಲಿನ ಎರಡು ಸಾಲನ್ನೂ ಅವನು ಇನ್ನೊಂದು ಸಲ ಆಳವಾಗಿ ಹೊಡೆದ. ನಾವೆಲ್ಲ ಭೇಷ್ ಅಂದೆವು. ಸರ್ವೆ ಮರದ ಕಂಬಗಳಿಗೆ ಮಾವಿನ ಸೊಪ್ಪು ಕಟ್ಟಿದೆವು.

ಗೋಲಿಗೆ ಬಲೆ ಅನ್ನುವುದು ನಮಗೆ ಇರಲಿಲ್ಲ. ಅದಕ್ಕೇ ಗೋಲಿನ ಹಿಂದೆ ಒಬ್ಬೊಬ್ಬರು ನಿಂತು ಹೌದು, ಇಲ್ಲ ಹೇಳಬೇಕು. ಎರಡು ಕಡೆಯಿಂದ ಒಬ್ಬೊಬ್ಬರು. ಪಡುವಲ ಗೋಲಿಗೆ ಗಣಿಯವರ ಮೇಷ್ಟ್ರು ನಿಂತರು, ಮೂಡಲ ಗೋಲಿಗೆ ದಾಸಪ್ಪನವರು. ಸೀಟಿ ಹಿಡಿದು ಆಡಿಸಿದವರು ರೈಲ್ವೆಯಲ್ಲಿದ್ದ ಒಬ್ಬ ಹಿರಿಯರು, ಸ್ವಲ್ಪ ದಪ್ಪಗಿದ್ದರು, ಓಟ ನಿಧಾನ.

ಅವರು ಒಂದು ಗೋಲು ಹೊಡೆದರು. ಅರ್ಧ ಆಟ ಕಳೆದು ಬದಿ ಬದಲಾದ ಮೇಲೆ ನಾವೂ ಒಂದು ಹೊಡೆದೆವು. ಏರಿಯ ಮೇಲೆ ಜನ ಕುಣಿಯುತ್ತಿದ್ದರು. ಆಟ ಇನ್ನೇನು ಮುಗಿಯಬೇಕು ಅನ್ನುವಾಗ ಚೆಂಡು ನನಗೆ ಬಂತು. ಅಂಚಿನಲ್ಲೇ ಓಡಿ ನಡುವಿಗೆ ತಳ್ಳಿದೆ. ಕೃಷ್ಣಪ್ಪ ಹೊಡೆದ. ಅವರ ಗೋಲು ಕಾಯುವ ಅರುಳಪ್ಪ ಮುಂದೆ ನುಗ್ಗಿ ಬಿದ್ದ. ಚೆಂಡು ಅವನ ಬೆರಳಿಗೆ ತಾಗಿ, ವೇಗ ಕಳೆದುಕೊಂಡು, ಅವನನ್ನು ದಾಟಿ ಗೋಲಿನ ಕಡೆಗೆ ಉರುಳಿತು. ತಡೆಯುವವರು ಯಾರೂ ಇರಲಿಲ್ಲ. ದೂರದಲ್ಲಿದ್ದ ರೈಲ್ವೆಯವರು ಗೋಲು ಅಂದುಕೊಂಡು ಸೀಟಿ ಊದಿದರು. ಸೀಟಿ ಆದ ಮೇಲೆ ಯಾರೂ ಚೆಂಡು ಮುಟ್ಟುವ ಹಾಗಿಲ್ಲ. ಎತ್ತಿದ ಕಾಲನ್ನು ನಾನು ಹಾಗೇ ಇಳಿಸಿದೆ.

ಚೆಂಡು ಸಾಲಿಗೆ ಇಳಿಯಿತು. ಆಚೆಯ ಅಂಚಿಗೆ ಒಮ್ಮೆ ಏರಿತು. ಅಲ್ಲಿ ತಡೆದಂತಾಗಿ ಹಿಂದಕ್ಕೆ ಬಂದು ಸಾಲಿನ ನಡುವೆ ಕೂತಿತು. ಗೂಡಿನಲ್ಲಿ ಮೊಟ್ಟೆ ಕೂತ ಹಾಗೆ.

ಏರಿಯ ಮೇಲೆ ಪೇಟಗಳು ಹಾರುತ್ತಿದ್ದವು. ರೈಲ್ವೆಯವರು ಏದುಸಿರು ಬಿಡುತ್ತ ಬಂದು, ಸಾಲಿನಲ್ಲಿದ್ದ ಚೆಂಡನ್ನು ನೋಡಿದರು. ಆಮೇಲೆ ದಾಸಪ್ಪನವರ ಕಡೆ ತಿರುಗಿ, "ನೀವು ಹೇಳಿ ಸ್ವಾಮಿ," ಅಂದರು.

ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತು ನೋಡಿದರು. ಅವರ ಮುಖ ನನಗೆ ನೇರವಾಗಿ ಕಾಣುತ್ತಿತ್ತು. ಅಂಥ ಮುಖವನ್ನು ನಾನು ಆಮೇಲೆ ಆಸ್ಪತ್ರೆಯ ಬಾಗಿಲುಗಳಲ್ಲಿ ಮಾತ್ರ ಕಂಡಿದ್ದೇನೆ. ಎದ್ದು ನಿಂತು, "ಇಲ್ಲ. ಗೋಲಲ್ಲ," ಅಂದರು.

ನೆಲದ ಮೇಲಿದ್ದ ಅರುಳಪ್ಪನೇ ಮೊದಲು ಬಾಯಿಬಿಟ್ಟ. "ಇರಲಿ ಬಿಡಿ ಸಾರ್, ಗೋಲೇ ಅದು. ನಾನು ಬಿಟ್ಟಾಯ್ತಲ್ಲ."

"ನೀನು ಬಿಟ್ಟೆ ಕಣಪ್ಪ. ಸಾಲು ಬಿಡಲಿಲ್ಲ," ಅಂದರು ಮೇಷ್ಟ್ರು.

ರೈಲ್ವೆಯವರು ಚೆಂಡನ್ನು ಈಚೆಗೆ ತಂದು ಹಾಕಿದರು. ಗಣಿಯವರು ಅದನ್ನು ದೂರ ಒದ್ದರು. ಆಟ ಮುಗಿಯಿತು. ಒಂದಕ್ಕೊಂದು. ಗೆಲ್ಲಲಿಲ್ಲ.

ಜನ ಚೆದುರಿದ ಮೇಲೆ ನೋಡಿದರೆ ಮುನಿಯಪ್ಪ ಸಾಲಿನ ಪಕ್ಕ ಮೊಣಕಾಲೂರಿ ಎರಡು ಕೈಯಲ್ಲೂ ಮಣ್ಣು ಎಳೆದೆಳೆದು ಅದನ್ನು ಮುಚ್ಚುತ್ತಿದ್ದ. ಅಳುತ್ತಿರಲಿಲ್ಲ. ಮೇಷ್ಟ್ರು ಹೋಗಿ ಅವನ ರಟ್ಟೆ ಹಿಡಿದರು. "ಮುಚ್ಚಬೇಡ ಕಣಯ್ಯ. ಇಷ್ಟು ನೆಟ್ಟಗೆ ನಾನು ಸುಣ್ಣದಲ್ಲೂ ಎಳೆದಿಲ್ಲ."

ಅವತ್ತು ಹಾಸ್ಟೆಲಿನಲ್ಲಿ ನಮಗೋಸ್ಕರ ಹಿದುಕಬೇಳೆ ಸಾರು ಮಾಡಿದ್ದರು. ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಮೇಷ್ಟ್ರು ಮುದ್ದೆ ಮುರಿದು, ಅಗಿಯದೆ, ನಾವು ಕಲಿಸಿದ ಹಾಗೇ ನುಂಗಿದರು. "ತಿನ್ರೋ. ಗಣಿಯವರ ಕೈಲಿ ಸೋಲದೆ ಇರೋದು ಸಣ್ಣ ಮಾತಾ?"

ಕೃಷ್ಣಪ್ಪನಿಗೆ ತಡೆಯಲಾಗಲಿಲ್ಲ. "ಗೋಲು ಅಂದುಬಿಡಬಾರ್ದಿತ್ತಾ ಸಾರ್? ಮನೆ ಬೇರೆ ನೋಡಿದ್ರಲ್ಲ."

ಮೇಷ್ಟ್ರು ಸಾರಿನಲ್ಲಿ ಬೆರಳಾಡಿಸಿದರು. "ಆ ಮನೇಲಿ ಬಾವಿ ಬಹಳ ಆಳ ಕಣೋ," ಅಂದರು. "ನಮ್ಮವಳಿಗೆ ಸೇದೋದು ಕಷ್ಟ ಆಗ್ತಿತ್ತು."

ಕೃಷ್ಣಪ್ಪ ತಲೆ ಬಗ್ಗಿಸಿ ಊಟ ಮಾಡಿದ. ನಾವೂ ಮಾಡಿದೆವು.

ಬೇಸಿಗೆ ರಜ ಶುರುವಾದ ದಿನ ಅವರು ಹೊರಟರು. ಒಂದು ಟ್ರಂಕು, ಒಂದು ಹಾಸಿಗೆ ಸುತ್ತು. ಇದ್ದಲಿನ ಬಸ್ಸು ಎಂದಿನಂತೆ ದಿಬ್ಬದಲ್ಲಿ ನಿಂತಿತು. ಟೀಮಿನವರೆಲ್ಲ ಸೇರಿ ತಳ್ಳಿದೆವು. ಕಿಟಕಿಯಿಂದ ತಲೆ ಹಾಕಿ, "ಜೋರಾಗಿ ತಳ್ಳಬೇಡ್ರೋ, ಹೊರಟುಬಿಡುತ್ತೆ," ಅಂದರು. ಬಸ್ಸು ಹೊರಟುಬಿಟ್ಟಿತು. ಅವರ ಸುದ್ದಿ ಮತ್ತೆ ನನಗೆ ಸಿಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಕೆರೆ ತುಂಬಿತು, ಸಾಲು ನೀರಿನ ಅಡಿಗೆ ಹೋಯಿತು. ಫುಟ್‌ಬಾಲ್ ಮೇಷ್ಟ್ರು ಅಂತ ಮತ್ತೆ ಯಾರನ್ನೂ ನೇಮಿಸಲಿಲ್ಲ.

ಈಗ ಆ ಅಂಗಳದ ಅರ್ಧಕ್ಕೆ ಮನೆಗಳು ಬಂದಿವೆ. ಈಚೆಗೆ ಮೊಮ್ಮಗನ ಆಟ ನೋಡಲು ಅವನ ಶಾಲೆಗೆ ಹೋಗಿದ್ದೆ. ಹಸಿರು ಹುಲ್ಲು, ಬಿಳಿ ಗೆರೆ, ಗೋಲಿಗೆ ನೈಲಾನ್ ಬಲೆ. ಚೆಂಡು ಬಲೆಗೆ ಬಿದ್ದರೆ ಗೋಲು, ಯಾರನ್ನೂ ಕೇಳಬೇಕಾಗಿಲ್ಲ. ಅನುಕೂಲವೇ. ಆದರೂ ಆಟ ಮುಗಿಯುವವರೆಗೆ ನಾನು ಗೋಲಿನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಅಂತ ನೋಡುತ್ತಲೇ ಇದ್ದೆ.

ಕೃಷ್ಣಪ್ಪ ಹೋಗಿ ಬಹಳ ವರ್ಷವಾಯಿತು. ಅವತ್ತು ಅಂಗಳದಲ್ಲಿ ಆಡಿದವರಲ್ಲಿ ಇವತ್ತು ಬದುಕಿರುವವರು ಮೂವರು. ಗಣಿಯ ಅರುಳಪ್ಪ, ಈಗಲೂ ಅದು ಗೋಲೇ ಅನ್ನುತ್ತಾನೆ. ನಾನು, ಅದು ಗೋಲಲ್ಲ ಅಂತ ಕಣ್ಣಾರೆ ಕಂಡವನು. ಇನ್ನೊಬ್ಬ ಲಕ್ಕೂರಿನ ಮುನಿಯಪ್ಪ. ಅವನಿಗೆ ಈಗ ಕಣ್ಣು ಮಂಜು. ಹೋದಾಗಲೆಲ್ಲ ಕೈ ತಡವಿ ಹಿಡಿದುಕೊಂಡು ಅದೊಂದನ್ನೇ ಕೇಳುತ್ತಾನೆ: "ಸಾಲು ನೆಟ್ಟಗಿತ್ತು ತಾನೇನೋ?"

ನೆಟ್ಟಗಿತ್ತು ಕಣೋ, ಅನ್ನುತ್ತೇನೆ.