ಕಾಕಿ ಹೇಳಿಕೊಟ್ಟ ಅಳು

ಅವ್ವ ತೀರಿಕೊಂಡ ದಿನ ಮುಡಬಿಯ ನಮ್ಮ ಮನೆಯಲ್ಲಿ ಎಲ್ಲರೂ ತಂಗಿಗಾಗಿ ಕಾಯುತ್ತಿದ್ದರು. ಮಗಳು ಬಂದು ಅತ್ತ ಮೇಲೆಯೇ ಹೆಣ ಎತ್ತುವುದು ನಮ್ಮಲ್ಲಿಯ ರೂಢಿ. ಅಳುವುದೆಂದರೆ ಬರೀ ಕಣ್ಣೀರಲ್ಲ. ಸತ್ತವರನ್ನು ಕರೆದು, ಅವರ ಗುಣ ಹೇಳಿ, ರಾಗ ಎಳೆದು ಅಳಬೇಕು. ಹೆಣ್ಣುಮಕ್ಕಳು ಇದನ್ನು ದೊಡ್ಡವರ ಪಕ್ಕ ಕೂತು ಕಲಿಯುತ್ತಾರೆ. ತಂಗಿ ಸಣ್ಣವಳಿದ್ದಾಗಲೇ ಬಸವಕಲ್ಯಾಣದ ಹಾಸ್ಟೆಲಿಗೆ ಹೋದವಳು. ಈಗ ಹುಮನಾಬಾದಿನಲ್ಲಿ ಶಿಕ್ಷಕಿ.

ಆಟೋ ಇಳಿದು ಬಂದವಳು ಅವ್ವನ ಪಾದದ ಬಳಿ ಕೂತಳು. "ಅವ್ವಾ" ಎಂದಳು. ಮುಂದೆ ಮಾತು ಬರಲಿಲ್ಲ. ಕಣ್ಣು ಒಣಗಿತ್ತು.

"ಟೀಚರಮ್ಮ ಹಾಜರಿ ತಗೊಳ್ಳಾಕತ್ತಾಳ ನೋಡ್ರಿ," ಎಂದಳು ನೆರೆಮನೆಯಾಕೆ. ಯಾರೋ ನಕ್ಕರು.

"ಹೆತ್ತ ಮಗಳೋ, ಬ್ಯಾರೆದಾಕಿಯೋ?" ಎಂದಳು ಇನ್ನೊಬ್ಬಾಕೆ.

ಕಾಕಿ, ನಮ್ಮ ಚಿಕ್ಕಪ್ಪನ ಹೆಂಡತಿ, ತಂಗಿಯ ಕೊರಳು ತಬ್ಬಿ ಹೇಳಿಕೊಟ್ಟಳು: "ನನ್ನ ತವರ ಬಾಗಿಲಾ ಮುಚ್ಚಿತಲ್ಲವ್ವಾ ಅನ್ನವ್ವ. ಹೊಸ್ತಿಲಕ್ಕ ಕುಂತು ನನ್ನ ದಾರಿ ಇನ್ನ ಯಾರ ನೋಡಬೇಕವ್ವಾ ಅನ್ನು."

ತಂಗಿ ಅಂದಳು. ಎರಡನೇ ಸಲ ದನಿ ಏರಿತು, ಕಣ್ಣೀರು ಬಂತು.

"ಹಾಂ, ಈಗ ಅತ್ಲು," ಎಂದಳು ನೆರೆಮನೆಯಾಕೆ.

ಹೆಣ ಎತ್ತಿದರು.

ಮಣ್ಣು ಮಾಡಿ ಬಂದ ಮೇಲೆ ತಂಗಿ ಹಿತ್ತಲಲ್ಲಿ ಸಿಕ್ಕಳು.

"ಅಣ್ಣಾ, ಅಲ್ಲಿ ಅತ್ತಾಕಿ ಕಾಕಿ, ನಾನಲ್ಲ. ಅವ್ವ ಎಂದಾದ್ರೂ ನನ್ನ ದಾರಿ ನೋಡ್ಯಾಳೇನು?"

"ಹಂಗ ಅನಬ್ಯಾಡ."

"ಅಷ್ಟ ಸಣ್ಣಾಕಿನ್ನ ಯಾಕ ಕಳಿಸಿದಿ ಅಂತ ಅವ್ವಗ ಕೇಳಾದಿತ್ತು. ಆ ಅಳುವಿನಾಗ ಅದಕ್ಕ ಜಾಗಾನ ಇಲ್ಲ."

ನಾನು ವರದಿಗಾರ. "ಕುಟುಂಬದವರ ಆಕ್ರಂದನ ಮುಗಿಲು ಮುಟ್ಟಿತ್ತು" ಎಂದು ಎಷ್ಟೋ ಸಾವುಗಳಿಗೆ ಬರೆದಿದ್ದೇನೆ.

ಮುಂದಿನ ವಾರ ದುಬಲಗುಂಡಿಯ ನೆಂಟರು ಮಾತಾಡಿಸಲು ಬಂದರು. ಹೆಂಗಸರು ತಂಗಿಯ ಕೊರಳು ಹಿಡಿದು ದನಿ ತೆಗೆದಾಗ ಯಾರೂ ಹೇಳಿಕೊಡಬೇಕಾಗಲಿಲ್ಲ. ಹಾಸ್ಟೆಲಿಗೆ ಹೊರಟ ದಿನ ಅವ್ವ ಬುತ್ತಿ ಕಟ್ಟಿದ್ದು, ಬಸ್ಸು ಮರೆಯಾಗುವ ತನಕ ಕಣ್ಣೀರು ಹಾಕುತ್ತ ನಿಂತದ್ದು, ಎಲ್ಲವನ್ನೂ ಹೇಳಿ ಅತ್ತಳು. ನೆರೆಮನೆಯಾಕೆಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಂಗಿ ಹಾಸ್ಟೆಲಿಗೆ ಹೊರಟ ಆ ದಿನ ಅವ್ವ ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದಳು. ಬಸ್ಸಿನ ತನಕ ಹೋದವರು ಅಪ್ಪ ಮತ್ತು ನಾನು.

ಇತ್ತೀಚೆಗೆ ಹುಮನಾಬಾದಿನ ಅವಳ ಮನೆಗೆ ಹೋಗಿದ್ದೆ. ಮಗಳಿಗೆ ಜಡೆ ಹಾಕುತ್ತ ಅದನ್ನೇ ಹೇಳುತ್ತಿದ್ದಳು. ನನ್ನತ್ತ ತಿರುಗಿ ಕೇಳಿದಳು:

"ಬಸ್ಸು ಮರೆಯಾಗೋತನಕ ಅವ್ವ ನಿಂತಿದ್ಲಲ್ಲ ಅಣ್ಣಾ?"

ಹೌದು ಅಂದೆ.