ಮಸ್ತುರಾ ಸೇತುವೆ ದಾಟಿದ ವರ್ಷಗಳು

ಗಡಿಯೂರು ಜೊಹೊರ್ ಬಾರುವಿನ ಮಸ್ತುರಾ ಇಪ್ಪತ್ತಮೂರು ವರ್ಷದಿಂದ ಬೆಳಗಾಗುವ ಮುಂಚೆ ಬೈಕು ಹತ್ತಿ ಪರದೇಶಕ್ಕೆ ಹೋಗಿ, ಸಂಜೆ ಮನೆಗೆ ಬರುತ್ತಾಳೆ. ಪರದೇಶವೆಂದರೆ ಸೇತುವೆಯಾಚೆಯ ಸಿಂಗಪುರ. ನಡೆದರೆ ಕಾಲು ಗಂಟೆಯ ಸೇತುವೆ ಅದು. ಬೈಕಿನಲ್ಲಿ ಒಂದೊಂದು ದಿನ ಎರಡು ಗಂಟೆ ಹಿಡಿಯುತ್ತದೆ, ಏಕೆಂದರೆ ಊರಿಗೆ ಊರೇ ಅದೇ ಹೊತ್ತಿಗೆ ಅತ್ತ ಹೊರಟಿರುತ್ತದೆ. ಅಲ್ಲಿಯ ಒಂದು ಡಾಲರ್ ಇಲ್ಲಿಗೆ ಬಂದರೆ ಮೂರು ರಿಂಗಿಟ್ ದಾಟುತ್ತದೆ. ಅಷ್ಟಕ್ಕಾಗಿ ಜನ ನಿದ್ದೆ ಬಿಟ್ಟಿದ್ದಾರೆ.

ಗಂಡ ತೀರಿಕೊಂಡಾಗ ಮಗಳು ಹುವೈನಾಗೆ ವರ್ಷ ತುಂಬಿರಲಿಲ್ಲ. ಎರಡು ವರ್ಷ ಹೋಗಿಬಂದು ಬಿಟ್ಟುಬಿಡೋಣ ಎಂದುಕೊಂಡು ಮಸ್ತುರಾ ಅಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಕಾರ್ಖಾನೆ ಸೇರಿದಳು. ಬಿಡಲು ಆಗಲೇ ಇಲ್ಲ. ರಿಂಗಿಟ್ಟಿನ ಬೆಲೆ ಬಿದ್ದಾಗಲೆಲ್ಲ ನೆರೆಯವರು ನಿನಗೇನಮ್ಮ ಹಬ್ಬ ಎಂದು ಕಾಲೆಳೆಯುತ್ತಾರೆ. ಸುಳ್ಳಲ್ಲ. ತನ್ನ ದೇಶ ಬಡವಾದಷ್ಟೂ ಅವಳ ಸಂಬಳ ಉಬ್ಬುತ್ತದೆ. ಇಂಥದ್ದಕ್ಕೆ ಖುಷಿಪಡಬೇಕೋ ನಾಚಿಕೆಪಡಬೇಕೋ ಯಾವ ದೊಡ್ಡ ಮನುಷ್ಯರೂ ಅವಳಿಗೆ ಹೇಳಿಕೊಟ್ಟಿಲ್ಲ. ಮೊಣಕಾಲು ಮಾತ್ರ ಸವೆದು ಹೋಗಿದೆ.

ಅವಳಿಗಿದ್ದದ್ದು ಒಂದೇ ಆಸೆ. ತನ್ನ ಮನೆಯಿಂದ ಸೇತುವೆ ದಾಟುವುದು ತನಗೇ ಕೊನೆಯಾಗಬೇಕು. ಅದಕ್ಕೇ ಮಗಳಿಗೆ ದಾದಿಯ ಓದು ಓದಿಸಿದ್ದಳು. ಊರಿನ ಆಸ್ಪತ್ರೆಯಿಂದ ನೇಮಕದ ಪತ್ರವೂ ಬಂದಿತ್ತು. ರಂಜಾನ್ ಹಬ್ಬ ಮುಗಿದ ಮೇಲೆ ಕೆಲಸಕ್ಕೆ ಸೇರುವುದೊಂದೇ ಬಾಕಿ. ಜೊತೆಗೆ ದಾಟುವವರಿಗೆಲ್ಲ ಈ ಸುದ್ದಿಯನ್ನು ಅವಳು ಎರಡೆರಡು ಸಲ ಹೇಳಿ ಬೇಸರ ತರಿಸಿದ್ದಳು.

ಆ ಉಪವಾಸದ ತಿಂಗಳಲ್ಲೇ ಒಂದು ಸಂಜೆ, ನಡು ಸೇತುವೆಯಲ್ಲಿ ಬೈಕುಗಳು ನಿಂತುಬಿಟ್ಟವು. ಹೊತ್ತು ಮುಳುಗಿತು. ಇಂಥ ಹೊತ್ತಿನಲ್ಲಿ ಖರ್ಜೂರ ಇದ್ದವರು ಡಬ್ಬಿಯನ್ನು ಹಿಂದಕ್ಕೆ ದಾಟಿಸುವುದು ವಾಡಿಕೆ. ಒಬ್ಬೊಬ್ಬರು ಒಂದೊಂದು ತೆಗೆದುಕೊಂಡು ಅಲ್ಲೇ ಉಪವಾಸ ಬಿಡುತ್ತಾರೆ. ಡಬ್ಬಿ ಯಾರದು ಎಂದು ಕೇಳುವ ಪದ್ಧತಿಯಿಲ್ಲ. ಮಸ್ತುರಾ ಒಂದನ್ನು ಬಾಯಿಗೆ ಹಾಕಿಕೊಂಡು, ಹಿಂದಿನ ಬೈಕಿನ ಕಮ್ಸಿಯಾಳ ಕೈಗೆ ಡಬ್ಬಿ ಕೊಟ್ಟಳು.

ಕಮ್ಸಿಯಾ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ನಿಮ್ ಹುವೈನಾನೂ ನಮ್ ಜೊತೆಗೇ ಬರ್ತಾಳಂತಲ್ಲ, ಮಸ್ತುರಕ್ಕ. ಮೊನ್ನೆ ಆಚೆ ವೃದ್ಧಾಶ್ರಮದಲ್ಲಿ ಸಂದರ್ಶನಕ್ಕೆ ಬಂದಿದ್ಲಂತೆ, ನನ್ ತಂಗಿ ಮಗಳು ನೋಡಿದ್ಲು."

ಮಸ್ತುರಾ ಖರ್ಜೂರದ ಬೀಜವನ್ನು ಉಗುಳುವುದನ್ನೂ ಮರೆತು ಮನೆ ಮುಟ್ಟಿದಳು.

ಹುವೈನಾ ಅನ್ನ, ಮೀನಿನ ಸಾರು ಬಡಿಸಿಟ್ಟು ಕಾಯುತ್ತಿದ್ದಳು. ಸುಳ್ಳು ಹೇಳಲಿಲ್ಲ. ಕೆಲಸ ಸಿಕ್ಕಿದೆ ಎಂದಳು. ಮಸ್ತುರಾ ರೇಗಿದಳು. ಇಲ್ಲಿ ದಾದಿಯಾಗುವವಳು ಅಲ್ಲಿ ಬರೀ ಸಹಾಯಕಿಯಾಗಿ ಮುದುಕರ ಮೈ ಒರೆಸುವುದಕ್ಕೆ ಇಷ್ಟು ಓದಬೇಕಿತ್ತೇ ಎಂದು ಕೇಳಿದಳು. ಮಗಳು ಎಲ್ಲವನ್ನೂ ಕೇಳಿಸಿಕೊಂಡಳು.

"ಆ ಸಹಾಯಕಿ ಸಂಬಳ ಇಲ್ಲಿನ ದಾದಿ ಸಂಬಳದ ಎರಡರಷ್ಟು, ಅಮ್ಮ. ಇಲ್ಲೇ ಸೇರಿದ್ರೆ ನೀನು ಇನ್ನೂ ಹತ್ತು ವರ್ಷ ಹೋಗ್ಬೇಕಾಗುತ್ತೆ. ನಿನ್ ಕಾಲು ನಾನು ನೋಡಿಲ್ವಾ? ನಮ್ಮಿಬ್ರಲ್ಲಿ ಒಬ್ರು ದಾಟ್ಲೇಬೇಕು."

ಮಸ್ತುರಾ ಲೆಕ್ಕ ಹಾಕಿದಳು. ಬಾಡಿಗೆ, ಔಷಧಿ, ಮೀನಿನ ಬೆಲೆ, ಯಾವ ಕಡೆಯಿಂದ ಯೋಚಿಸಿದರೂ ಮಗಳ ಮಾತೇ ಸರಿಯಾಗಿತ್ತು. ಅದೇ ಅವಳಿಗೆ ತಡೆಯಲಾಗದ ಸಂಕಟ. ಸಾರು ಆರಿಹೋಯಿತು.

ಕೊನೆಗೆ ಹುವೈನಾ ಮೆಲ್ಲಗೆ ಕೇಳಿದಳು, "ಬೆಳಿಗ್ಗೆ ಎಷ್ಟೊತ್ತಿಗೆ ಹೊರಟ್ರೆ ಒಳ್ಳೇದು?"

ಹೇಳಬಾರದೆಂದೇ ಮಸ್ತುರಾ ಅಂದುಕೊಂಡಳು. ಆಮೇಲೆ ಹೇಳಿದಳು. ನಾಲ್ಕೂವರೆಗೆ ಮನೆ ಬಿಡಬೇಕು, ಎಡಗಡೆಯ ಕೊನೇ ಸಾಲು ಹಿಡಿಯಬೇಕು, ಪಾಸ್‌ಪೋರ್ಟ್ ಚೀಲದಲ್ಲಿಡದೆ ಅಂಗಿಯೊಳಗೆ ಇಟ್ಟುಕೊಳ್ಳಬೇಕು, ಮಳೆ ಬಂದರೆ ಲಾರಿಗಳ ಪಕ್ಕಕ್ಕೆ ಹೋಗಬಾರದು. ಹೇಳುತ್ತಾ ಹೋದಂತೆ ಒಂದೊಂದೇ ನೆನಪಾಗುತ್ತಿತ್ತು. ಯಾವುದನ್ನೂ ಬಿಡಲಿಲ್ಲ. ಮಗಳು ತಲೆಯಾಡಿಸುತ್ತಾ ಫೋನಿನಲ್ಲಿ ಬರೆದುಕೊಂಡಳು.