ಸೋದರತ್ತೆಯ ಬೆನ್ನಿಗೊಂದು ಗುದ್ದು

ಮೊಮ್ಮಗಳು ಹುಟ್ಟಿದ ದಿನ ಶಿಕಾರಿಪುರದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದೆ. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೂ ನಾಮಕರಣಕ್ಕೆ ಒಂದೊಂದೇ ದಿನ ಎಣಿಸಿ ಕಾದದ್ದು ಬೇರೆ ಕಾರಣಕ್ಕೆ: ಅಳಿಯನ ಅಕ್ಕನ ಬೆನ್ನಿಗೆ ಗುದ್ದುವುದಕ್ಕೆ.

ಮಗಳನ್ನು ಕೊಟ್ಟದ್ದು ಸೊರಬಕ್ಕೆ. ಬಸುರಾಗಿ ಏಳು ತಿಂಗಳಾದಾಗ ಅವಳಿಗೆ ಸೊಂಟ ಹಿಡಿದುಕೊಂಡಿತು, ಕೂತರೆ ಏಳಲಾರಳು. ನೋಡಲು ಹೋದ ನನ್ನೆದುರಿಗೇ ಆ ಅಕ್ಕ ನಕ್ಕಳು.

"ಎಂಥ ಮಾರಾಯ್ತಿ, ಬಸುರಿ ಆದೋಳು ನೀನೊಬ್ಳೆಯಾ? ನನ್ನ ಮಂಡಿ ನೋವಿನ ಮಾತ್ರೆ ನಿನ್ನೆಯೂ ಕೊಟ್ಟಿದ್ನಲ್ಲ. ಇನ್ನೊಂದು ನುಂಗಿ ಏಳು."

ಬಸುರಿಗೆ ಕಂಡವರ ಮಾತ್ರೆಯೇ ಎಂದು ಹೆದರಿದೆ. ಮೂರನೇ ತರಗತಿಗೇ ಶಾಲೆ ಬಿಟ್ಟ ನನಗೆ ಮಾತ್ರೆಯ ಹೆಸರು ಓದಲು ಬರಲಿಲ್ಲ. ಅದರ ಹಾಳೆಯನ್ನೇ ಸೆರಗಿಗೆ ಕಟ್ಟಿಕೊಂಡು, ಮಗಳನ್ನು ಬಸ್ಸು ಹತ್ತಿಸಿ, ನಮ್ಮೂರ ಡಾಕ್ಟರಮ್ಮನ ಮುಂದೆ ಕೂರಿಸಿದೆ. ಹಾಳೆ ನೋಡಿದ ಅವರ ಮುಖ ಬಿಗಿದುಕೊಂಡಿತು.

"ಏಳು ತಿಂಗಳಾದ ಮ್ಯಾಲೆ ಇದನ್ನ ನುಂಗಬಾರ್ದು ರೀ. ಕೂಸಿನ ಹೃದಯಕ್ಕೆ, ಅದರ ಸುತ್ತಲಿನ ನೀರಿಗೆ ತೊಂದ್ರೆ ಆಗಬೋದು. ಸ್ಕ್ಯಾನ್ ಮಾಡಿ ನೋಡಾಣ."

ಹೊರಗಿನ ಬೆಂಚಿನ ಮೇಲೆ ಕೂತು ಆ ಹೆಂಗಸಿಗೆ ನಾನು ಹಾಕಿದ ಶಾಪಗಳನ್ನು ಇಲ್ಲಿ ಹೇಳಲಾರೆ. ಡಾಕ್ಟರಮ್ಮ ಬಂದು, "ಕೂಸು ಚೆನ್ನಾಗೈತೆ, ನೀರೂ ಸರಿ ಐತೆ" ಎಂದಾಗ ಅವರ ಕೈ ಹಿಡಿದು ಅತ್ತುಬಿಟ್ಟೆ.

"ಹಂಗಾರೆ ನೋವು ತಡ್ಕಂಡೇ ಇರ್ಬೇಕೇನ್ರಿ?" ಎಂದು ಕೇಳಿದೆ.

"ಯಾಕ್ರಿ ತಡ್ಕಬೇಕು? ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಸೊಂಟಕ್ಕಿಡ್ರಿ, ಭಾಳ ಬಿಸಿ ಬ್ಯಾಡ. ಮಗ್ಗುಲಾಗಿ ಮಲಗಿ ಕಾಲ ನಡುವೆ ದಿಂಬು ಇಟ್ಕಳ್ಳಿ. ಅದಕ್ಕೂ ಬಗ್ಗದಿದ್ರೆ ಬರೇ ಪ್ಯಾರಾಸಿಟಮಾಲ್, ಅದೂ ನಾನು ಬರೆದಷ್ಟೇ. ಬೇರೆ ಯಾವ್ದನ್ನೂ ಕೇಳ್ದೆ ನುಂಗಬ್ಯಾಡ್ರಿ."

ವಾರದಲ್ಲಿ ಮಗಳು ಅಂಗಳದಲ್ಲಿ ಅಡ್ಡಾಡಿದಳು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

ನಮ್ಮಲ್ಲಿ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಹೆಂಗಸರು ತಮಾಷೆಗೆ ಅವಳ ಬೆನ್ನಿಗೆ ಗುದ್ದುತ್ತಾರೆ. ಅಂದು ಉಳಿದವರೆಲ್ಲ ಹೂ ಮುಟ್ಟಿಸಿದಂತೆ ಗುದ್ದಿದರು. ನಾನು ಭತ್ತ ಕುಟ್ಟಿದ ಕೈ ಎತ್ತಿ ಒಂದು ಬಿಟ್ಟೆ. ತೊಟ್ಟಿಲೇ ತೂಗಿತು.

"ಅಯ್ಯಯ್ಯೋ! ಬೆನ್ನು ಮುರ್ದೇ ಹೋಯ್ತಲ್ಲ ಅತ್ತೇ!"

"ನೋವು ಕಂಡೋಳು ನೀನೊಬ್ಳೇ ಏನವ್ವ?" ಎಂದೆ.

ಅವಳ ಮುಖ ಬಾಡಿತು. "ಗೊತ್ತಿಲ್ದೆ ಕೊಟ್ಟೆ. ಇನ್ನು ಯಾರಿಗೂ ಕೊಡೂದಿಲ್ಲ," ಎಂದಳು. ಕೇಳಿಸಿತು. ಆದರೂ ಹೊಟ್ಟೆ ತಣ್ಣಗಾಗಲಿಲ್ಲ. ಕೂಸಿನ ಕೆನ್ನೆ ಮುಟ್ಟಿ, "ಬೇಗ ನಿಂಗೊಬ್ಬ ತಮ್ಮ ಬರ್ಲಿ ನನ್ನವ್ವಾ. ಅವನಿಗೂ ಇವಳೇ ಸೋದರತ್ತೆ," ಎಂದೆ.

ಹಿಂದಿನಿಂದ ಮಗಳು ಕೂಗಿದಳು: "ಯವ್ವಾ, ನಿನ್ನ ಗುದ್ದಿಗೋಸ್ಕರ ನಾನು ಇನ್ನೊಂದು ಹೆರಬೇಕಾ?"